ಆ ಪ್ರಾಣಿಗೆ ಏನಾಯಿತು ಅಂತಲೂ ಬರೆಯಿರಿ

ಕನ್ನಡದಲ್ಲಿ ವಿಜ್ಞಾನ, ತಂತ್ರಜ್ಞಾನದ ಸುದ್ದಿ ಬರೆಯುವ ಮತ್ತು ವಿಡಿಯೊ ಮಾಡುವ ಎಲ್ಲರಿಗೂ,

ನಮಸ್ಕಾರ.

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವಳು. ನೀವು ಬರೆದದ್ದನ್ನು ಓದುತ್ತೇನೆ, ನಿಮ್ಮ ವಿಡಿಯೊ ನೋಡುತ್ತೇನೆ. ನನಗಿಂತ ಜಾಸ್ತಿ ನನ್ನ ವಿದ್ಯಾರ್ಥಿಗಳು ನೋಡುತ್ತಾರೆ. ಹೊಸ ಫೋನಿನ ಬ್ಯಾಟರಿ ಎಷ್ಟು, ಎಷ್ಟು ನಿಮಿಷಕ್ಕೆ ಚಾರ್ಜ್ ಆಗುತ್ತದೆ, ಮಂಗಳ ಗ್ರಹದಲ್ಲಿ ಏನು ಸಿಕ್ಕಿತು, ಎಲ್ಲ ಅವರಿಗೆ ಮೊದಲ ಪಿರಿಯಡ್ ಶುರುವಾಗುವ ಮುಂಚೆಯೇ ಗೊತ್ತಿರುತ್ತದೆ. ಇದರಲ್ಲಿ ನಿಮ್ಮ ಪಾಲು ದೊಡ್ಡದು. ಹಿಂದೆ ಇಂಥ ಸುದ್ದಿ ಕನ್ನಡದಲ್ಲಿ ಸಿಗಬೇಕಾದರೆ ವಾರದ ಪುರವಣಿಗೆ ಕಾಯಬೇಕಿತ್ತು. ಹಾಗಾಗಿ ಇದು ಜಗಳದ ಪತ್ರ ಅಲ್ಲ. ಒಂದು ಬೇಡಿಕೆ ಇದೆ, ಅಷ್ಟೇ.

ಸುದ್ದಿಯಲ್ಲಿ ಪ್ರಾಣಿ ಇದ್ದರೆ, ಆ ಪ್ರಾಣಿಗೆ ಏನಾಯಿತು ಅಂತಲೂ ಒಂದೆರಡು ಸಾಲು ಬರೆಯಿರಿ.

ಡೈರ್ ವುಲ್ಫ್ ಸುದ್ದಿಯನ್ನೇ ತೆಗೆದುಕೊಳ್ಳಿ. 2025ರ ಏಪ್ರಿಲ್‌ನಲ್ಲಿ ಅಮೆರಿಕದ ಡಲ್ಲಾಸ್ ನಗರದ ಕೊಲೊಸಲ್ ಬಯೋಸೈನ್ಸಸ್ ಕಂಪನಿ, ಹತ್ತು ಸಾವಿರಕ್ಕೂ ಜಾಸ್ತಿ ವರ್ಷಗಳ ಹಿಂದೆ ಅಳಿದುಹೋದ ತೋಳವನ್ನು ಮತ್ತೆ ಹುಟ್ಟಿಸಿದ್ದೇವೆ ಎಂದಿತು. ಬಿಳಿ ತುಪ್ಪಳದ ಮರಿಗಳು ಊಳಿಡುವ ವಿಡಿಯೊ ಎಲ್ಲರ ಫೋನಿಗೂ ಬಂತು. ಮಾರನೆ ದಿನ ತರಗತಿಯಲ್ಲಿ ಪಾಠ ನಡೆಯಲಿಲ್ಲ. "ಮೇಡಂ, ಮುಂದೆ ಡೈನೋಸಾರ್ ಬರುತ್ತಾ?" ಇದೇ ಪ್ರಶ್ನೆ. ಮಕ್ಕಳು ಕೇಳಲಿ, ಕೇಳಬೇಕು. ಆದರೆ ಅವರು ನೋಡಿದ ವಿಡಿಯೊಗಳಲ್ಲಿ ಇದ್ದದ್ದು ಕಂಪನಿ ಹೇಳಿದ ಕಥೆ ಮಾತ್ರ.

ನಡೆದದ್ದು ಇಷ್ಟು. ಒಹಾಯೊದಲ್ಲಿ ಸಿಕ್ಕ 13,000 ವರ್ಷ ಹಳೆಯ ಹಲ್ಲು, ಐಡಹೊದಲ್ಲಿ ಸಿಕ್ಕ 72,000 ವರ್ಷ ಹಳೆಯ ತಲೆಬುರುಡೆ, ಇವೆರಡರಿಂದ ಡಿಎನ್‌ಎ ತೆಗೆದು ಓದಿದರು. ಆಮೇಲೆ ಈಗಿನ ಬೂದು ತೋಳದ ಜೀವಕೋಶ ತೆಗೆದುಕೊಂಡು 14 ಜೀನ್‌ಗಳಲ್ಲಿ 20 ಕಡೆ ತಿದ್ದಿದರು. ಹಾಗೆ ಮಾಡಿದ ಭ್ರೂಣಗಳನ್ನು ಸಾಕುನಾಯಿಗಳ ಗರ್ಭದಲ್ಲಿ ಇಟ್ಟರು. ಸಿಸೇರಿಯನ್ ಮಾಡಿ ಮರಿ ತೆಗೆದರು. 2024ರ ಅಕ್ಟೋಬರ್‌ನಲ್ಲಿ ಎರಡು ಗಂಡು, 2025ರ ಜನವರಿಯಲ್ಲಿ ಒಂದು ಹೆಣ್ಣು. ಇವು ಡೈರ್ ವುಲ್ಫ್ ಅಲ್ಲ ಎಂದು ವನ್ಯಜೀವಿ ಸಂರಕ್ಷಣೆಯ ಜಾಗತಿಕ ಒಕ್ಕೂಟ ಐಯುಸಿಎನ್‌ನ ತೋಳ-ನಾಯಿ ಜಾತಿಗಳ ತಜ್ಞರ ತಂಡ ಸುದ್ದಿ ಬಂದ ಏಪ್ರಿಲ್‌ನಲ್ಲೇ ಹೇಳಿತು. 20 ತಿದ್ದುಪಡಿ ಇರುವ ಬೂದು ತೋಳಗಳು ಎಂದು ಕಂಪನಿಯ ಮುಖ್ಯ ವಿಜ್ಞಾನಿಯೇ ಕೆಲವು ವಾರಗಳ ನಂತರ ಒಪ್ಪಿಕೊಂಡರು. ಡೈರ್ ವುಲ್ಫ್ ವಂಶ ಬೂದು ತೋಳದ ವಂಶದಿಂದ ಕವಲೊಡೆದು ಐವತ್ತು ಲಕ್ಷ ವರ್ಷಕ್ಕೂ ಜಾಸ್ತಿ ಆಗಿದೆ ಅಂತ 2021ರಲ್ಲೇ ಡಿಎನ್‌ಎ ಅಧ್ಯಯನವೊಂದು ಹೇಳಿತ್ತು. ಅಂದರೆ ಅನುಮಾನ ಪಡಲು ಬೇಕಾದ ವಿಷಯ ಮೊದಲ ದಿನವೇ ಕೈಯಲ್ಲಿತ್ತು.

ಈ ಮಟ್ಟಿಗೆ ಕೆಲವರು ಆಮೇಲೆ ತಿದ್ದಿ ಬರೆದರು. ಸಂತೋಷ. ಆದರೆ ಆ ಹೆತ್ತ ನಾಯಿಗಳ ವಿಷಯ ಯಾರೂ ಎತ್ತಲಿಲ್ಲ. ಹತ್ತಾರು ಭ್ರೂಣ ಇಟ್ಟರೆ ಒಂದೋ ಎರಡೋ ನಿಲ್ಲುವ ಕೆಲಸ ಇದು. ಒಂದು ನಾಯಿಗೆ ಎಷ್ಟು ಸಲ ಹೀಗೆ ಮಾಡುತ್ತಾರೆ? ಆಪರೇಷನ್ ಆದಮೇಲೆ ಅದು ಎಲ್ಲಿರುತ್ತದೆ? ಇನ್ನು ಮರಿಗಳು. ಬೇಟೆ, ಜಗಳ, ರಾಜಿ, ಊಳಿಡುವುದು, ಎಲ್ಲವನ್ನೂ ತೋಳ ಕಲಿಯುವುದು ಅಪ್ಪ-ಅಮ್ಮ, ಅಣ್ಣ-ಅಕ್ಕಂದಿರ ಗುಂಪಿನಲ್ಲಿ. ಈ ಮರಿಗಳಿಗೆ ಅಂಥ ಗುಂಪೇ ಇಲ್ಲ. ಸುಮಾರು ಎರಡು ಸಾವಿರ ಎಕರೆಯ ಬೇಲಿಯೊಳಗೆ ಅವುಗಳ ಬದುಕು. ಜಾಗ ಎಲ್ಲಿ ಅನ್ನುವುದೂ ಗುಟ್ಟು. ಅಲ್ಲಿಂದ ಅವು ಯಾವ ಕಾಡಿಗೂ ಹೋಗುವಂತಿಲ್ಲ, ಏಕೆಂದರೆ ಡೈರ್ ವುಲ್ಫ್ ಬದುಕಿದ್ದ ಕಾಡೂ ಇಲ್ಲ, ಅದು ತಿನ್ನುತ್ತಿದ್ದ ದೊಡ್ಡ ಪ್ರಾಣಿಗಳಲ್ಲಿ ಬಹುಪಾಲು ಉಳಿದಿಲ್ಲ. ಹಾಗಾದರೆ ಇವು ಹುಟ್ಟಿದ್ದು ಯಾತಕ್ಕೆ? ಇಷ್ಟು ಕೇಳಲು ಜೆನೆಟಿಕ್ಸ್ ಓದಿರಬೇಕಿಲ್ಲ.

ನಿಜವಾದ ತೋಳ ಬೇಕಾದರೆ ಡಲ್ಲಾಸ್‌ಗೆ ಯಾಕೆ ಹೋಗಬೇಕು? ಕೊಪ್ಪಳಕ್ಕೆ ಹೋಗಿ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗಾಗಿಯೇ ಒಂದು ಸಣ್ಣ ಅಭಯಾರಣ್ಯ ಇದೆ. ಸುಮಾರು 330 ಹೆಕ್ಟೇರ್. ಕಲ್ಲುಗುಡ್ಡ, ಕುರುಚಲು ಗಿಡ, ಒಣ ಹುಲ್ಲು. 2025ರ ಮೇ ತಿಂಗಳಲ್ಲಿ ಅಲ್ಲಿ ಒಂದು ತೋಳ ಎಂಟು ಮರಿ ಹಾಕಿದೆ ಎಂದು ಅರಣ್ಯ ಇಲಾಖೆ ಹೇಳಿತು. ಡೈರ್ ವುಲ್ಫ್ ಗದ್ದಲ ಮುಗಿದು ಒಂದೂವರೆ ತಿಂಗಳೂ ಆಗಿರಲಿಲ್ಲ. ಬಂಕಾಪುರದ ಎಂಟು ಮರಿಗಳ ಬಗ್ಗೆ ನನ್ನ ತರಗತಿಯಲ್ಲಿ ಒಬ್ಬರೂ ಕೇಳಲಿಲ್ಲ. ಕೇಳುವಷ್ಟು ದೊಡ್ಡದಾಗಿ ಆ ಸುದ್ದಿ ಬರಲೇ ಇಲ್ಲ.

ಈ ತೋಳದ ಕಥೆ ಡೈರ್ ವುಲ್ಫ್ ಕಥೆಗಿಂತ ರೋಚಕ. ಈಗ ಬದುಕಿರುವ ಬೂದು ತೋಳಗಳಲ್ಲೇ ಬಹಳ ಹಳೆಯ ವಂಶಗಳಲ್ಲಿ ಒಂದು ಭಾರತದ ಈ ಬಯಲುಸೀಮೆ ತೋಳ. ಇದನ್ನೂ 2021ರ ಒಂದು ಡಿಎನ್‌ಎ ಅಧ್ಯಯನವೇ ಹೇಳಿದ್ದು. ದೇಶದಲ್ಲೆಲ್ಲ ಸೇರಿಸಿದರೆ ಮೂರು ಸಾವಿರದ ಆಸುಪಾಸು ಉಳಿದಿವೆ. ಹೆಚ್ಚಿನವು ಇರುವುದು ಅಭಯಾರಣ್ಯದ ಹೊರಗೆ. ನಮ್ಮ ಕಂದಾಯದ ಲೆಕ್ಕದಲ್ಲಿ ಅವುಗಳ ಹುಲ್ಲುಗಾವಲು ಬೀಳು ಭೂಮಿ. ಬೀಳು ಅಂದಮೇಲೆ ಅಲ್ಲಿ ಗಣಿ ಬರಬಹುದು, ಸೋಲಾರ್ ಬರಬಹುದು, ಲೇಔಟ್ ಬರಬಹುದು. ಜೊತೆಗೆ ಊರ ನಾಯಿಗಳಿಂದ ರೋಗ ಅಂಟುತ್ತದೆ, ಅವುಗಳ ಜೊತೆ ಕೂಡಿ ವಂಶವೂ ಕಲಬೆರಕೆ ಆಗುತ್ತದೆ. ಕುರಿಮರಿಯನ್ನು ತೋಳ ಹೊತ್ತೊಯ್ದರೆ ನಷ್ಟ ಕುರಿಗಾಹಿಯದು. ಆದರೂ ತೋಳ ಇನ್ನೂ ಇದೆ ಅಂದರೆ ಆ ಕುರಿಗಾಹಿಗಳು ಸಹಿಸಿಕೊಂಡು ಬಂದಿದ್ದಾರೆ ಎಂದೇ ಅರ್ಥ. ಅವರಲ್ಲಿ ಒಬ್ಬರನ್ನು ಮಾತಾಡಿಸಿ ಹತ್ತು ನಿಮಿಷದ ವಿಡಿಯೊ ಮಾಡಿ ನೋಡಿ. ಸಾವಿರ ಕೋಟಿ ಡಾಲರ್ ಬೆಲೆ ಕಟ್ಟಿಸಿಕೊಂಡ ಕಂಪನಿಯ ಪ್ರಕಟಣೆಯಲ್ಲಿ ಸಿಗದ ತಿಳಿವಳಿಕೆ ಅಲ್ಲಿ ಸಿಗುತ್ತದೆ.

ಕಂಪನಿ ಅಥವಾ ಸರ್ಕಾರ ಹೇಳಿದ್ದನ್ನು ಹಾಗೇ ಬರೆದರೆ ಏನಾಗುತ್ತದೆ ಎನ್ನುವುದಕ್ಕೆ ಹಳೆಯ ಉದಾಹರಣೆ ಲೈಕಾ. 1957ರ ನವೆಂಬರ್ 3ರಂದು ಸೋವಿಯತ್ ಒಕ್ಕೂಟ ಆ ಬೀದಿನಾಯಿಯನ್ನು ಸ್ಪುಟ್ನಿಕ್-2ರಲ್ಲಿ ಕೂರಿಸಿ ಕಳಿಸಿತು. ವಾಪಸ್ ತರುವ ಏರ್ಪಾಡೇ ಇರಲಿಲ್ಲ. ಹಲವು ದಿನ ಬದುಕಿತ್ತು, ನೋವಿಲ್ಲದೆ ಸತ್ತಿತು ಎಂದೇ ಲೋಕ ನಂಬಿತ್ತು. ನಮ್ಮ ಪಠ್ಯಗಳಲ್ಲೂ ಲೈಕಾ ಅಂದರೆ ಬರೀ ಸಾಹಸ. ಹಾರಿದ ಕೆಲವೇ ಗಂಟೆಗಳಲ್ಲಿ ವಿಪರೀತ ಶಾಖಕ್ಕೆ, ಹೆದರಿಕೆಗೆ ಸತ್ತಿತ್ತು ಎಂಬ ಸತ್ಯ ಹೊರಬಂದದ್ದು 2002ರಲ್ಲಿ. ನಲವತ್ತೈದು ವರ್ಷ ಬೇಕಾಯಿತು! ಆ ಯೋಜನೆಯಲ್ಲಿದ್ದ ವಿಜ್ಞಾನಿ ಒಲೆಗ್ ಗಜೆಂಕೊ 1998ರಲ್ಲೇ, ನಾಯಿಯ ಸಾವಿಗೆ ತಕ್ಕಷ್ಟು ಏನನ್ನೂ ನಾವು ಆ ಹಾರಾಟದಿಂದ ಕಲಿಯಲಿಲ್ಲ ಎಂದು ಬೇಸರಪಟ್ಟುಕೊಂಡಿದ್ದರು.

ಮಿದುಳಿಗೆ ಚಿಪ್ ಹಾಕುವ ಎಲಾನ್ ಮಸ್ಕ್ ಅವರ ಕಂಪನಿ ನ್ಯೂರಾಲಿಂಕ್‌ನ ಸುದ್ದಿ ಇದಕ್ಕಿಂತ ಹೊಸದು. 2021ರಲ್ಲಿ ಪೇಜರ್ ಎಂಬ ಕೋತಿ ಮನಸ್ಸಿನಿಂದಲೇ ವಿಡಿಯೊ ಗೇಮ್ ಆಡಿದ್ದು ಎಲ್ಲರಿಗೂ ನೆನಪಿದೆ. 2024ರ ಜನವರಿಯಲ್ಲಿ ಮೊದಲ ಮನುಷ್ಯನ ಮಿದುಳಿಗೆ ಚಿಪ್ ಹಾಕಿದ್ದೂ ನೆನಪಿದೆ. ಇವೆರಡರ ನಡುವೆ, 2022ರ ಡಿಸೆಂಬರ್‌ನಲ್ಲಿ, ರಾಯಿಟರ್ಸ್ ಸುದ್ದಿಸಂಸ್ಥೆ ಒಂದು ವರದಿ ಮಾಡಿತು. 2018ರಿಂದ ಆವರೆಗೆ ಆ ಕಂಪನಿಯ ಪ್ರಯೋಗಗಳಲ್ಲಿ ಸುಮಾರು 1,500 ಪ್ರಾಣಿಗಳು ಸತ್ತಿವೆ, ಅದರಲ್ಲಿ 280ಕ್ಕೂ ಹೆಚ್ಚು ಕುರಿ, ಹಂದಿ ಮತ್ತು ಕೋತಿಗಳು ಎಂದು ಅದರಲ್ಲಿತ್ತು. ಬೇಗ ಮುಗಿಸಿ ಎಂಬ ಒತ್ತಡದಿಂದ ತಪ್ಪುಗಳಾಗಿ ಕೆಲವು ಪ್ರಯೋಗಗಳನ್ನು ಮತ್ತೆ ಮಾಡಬೇಕಾಯಿತು, ಹಾಗಾಗಿ ಬೇಕಿದ್ದದ್ದಕ್ಕಿಂತ ಹೆಚ್ಚು ಪ್ರಾಣಿ ಸತ್ತವು ಎಂದು ಅಲ್ಲಿನ ಉದ್ಯೋಗಿಗಳೇ ದೂರಿದ್ದರು. ಚಿಪ್‌ನಿಂದಾಗಿ ಒಂದು ಕೋತಿಯೂ ಸತ್ತಿಲ್ಲ ಎಂದು ಎಲಾನ್ ಮಸ್ಕ್ 2023ರಲ್ಲಿ ಹೇಳಿದರು. ಎರಡೂ ಮಾತನ್ನು ಬರೆಯಿರಿ, ಓದುವವರು ತೂಗಿ ನೋಡಲಿ. ಗೇಮ್ ಆಡಿದ ಒಂದು ಕೋತಿಯನ್ನು ಮಾತ್ರ ತೋರಿಸಿದರೆ ಅದು ಸುದ್ದಿ ಅಲ್ಲ, ಜಾಹೀರಾತು.

ಇಲ್ಲಿಗೆ ಬಂದಾಗ ಕೆಲವರು ಕೇಳುತ್ತೀರಿ, ಹಾಗಾದರೆ ಪ್ರಾಣಿ ಪ್ರಯೋಗವೇ ಬೇಡವಾ ಅಂತ. ನಾನು ಹಾಗೆ ಹೇಳುತ್ತಿಲ್ಲ. ಜೀವಶಾಸ್ತ್ರ ಪಾಠ ಮಾಡುವವಳು ಹಾಗೆ ಸುಲಭಕ್ಕೆ ಹೇಳಲಾರಳು. ಇನ್ಸುಲಿನ್ ಸಿಕ್ಕಿದ್ದು 1921ರಲ್ಲಿ ಟೊರೊಂಟೊದಲ್ಲಿ ನಾಯಿಗಳ ಮೇಲೆ ನಡೆದ ಪ್ರಯೋಗದಿಂದ. ನಮ್ಮಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವವರು ಇಲ್ಲದ ಬೀದಿಯೇ ಇಲ್ಲ. ಇನ್ನೂ ಹತ್ತಿರದ ಮಾತು ಬೇಕಾದರೆ ಕೊವ್ಯಾಕ್ಸಿನ್. ಆ ಲಸಿಕೆಯನ್ನು ಮನುಷ್ಯರ ಜೊತೆಗೆ 20 ಕೋತಿಗಳ ಮೇಲೂ ಪರೀಕ್ಷಿಸಿದರು. ನಮ್ಮ ದೇವಸ್ಥಾನಗಳ ಹತ್ತಿರ ಬಾಳೆಹಣ್ಣು ಕಸಿಯುವ ಕೋತಿಯ ಹತ್ತಿರದ ನೆಂಟ, ಕೆಂಪು ಮುಖದ ರೀಸಸ್ ಕೋತಿ. ಲಾಕ್‌ಡೌನ್ ಸಮಯ. ಊರಲ್ಲಿ ತಿನ್ನಲು ಸಿಗದೆ ಕೋತಿಗಳು ಕಾಡಿನ ಒಳಗೆ ಹೋಗಿದ್ದವು. ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯದಿಂದ ದಿನಗಟ್ಟಲೆ ಹುಡುಕಿ, ನಾಗಪುರದ ಕಡೆ ಹಿಡಿದು, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗೆ ತಂದರು. ಐದೈದರ ನಾಲ್ಕು ಗುಂಪು ಮಾಡಿದರು. ಮೂರು ಗುಂಪಿಗೆ ಲಸಿಕೆ, ಒಂದಕ್ಕೆ ಇಲ್ಲ. ಆಮೇಲೆ ಇಪ್ಪತ್ತಕ್ಕೂ ವೈರಸ್ ಕೊಟ್ಟರು. ಲಸಿಕೆ ಸಿಕ್ಕವು ತಡೆದುಕೊಂಡವು. ಸಿಗದ ಗುಂಪಿಗೆ ನ್ಯುಮೋನಿಯಾ ಬಂತು.

ಆ ಲಸಿಕೆಯನ್ನು ನಮ್ಮಲ್ಲಿ ಕೋಟಿಗಟ್ಟಲೆ ಜನ ತೆಗೆದುಕೊಂಡರು. ಆ ಪ್ರಯೋಗ ತಪ್ಪು ಅಂತ ನಾನು ಹೇಳಲಾರೆ. ಆದರೆ ಲಸಿಕೆ ಬಂದಾಗ ವಿಜ್ಞಾನಿಗಳ ಫೋಟೊ ಬಂತು, ಕಾರ್ಖಾನೆಯ ಫೋಟೊ ಬಂತು, ಮೊದಲ ಚುಚ್ಚುಮದ್ದು ಪಡೆದವರ ಫೋಟೊ ಬಂತು. ಕೋತಿಗಳಿಗೂ ಇದರಲ್ಲಿ ಪಾಲಿದೆ ಎಂದು ಆಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮುಖ್ಯಸ್ಥರಾಗಿದ್ದ ಡಾ. ಬಲರಾಂ ಭಾರ್ಗವ ಅವರೇ ಆಮೇಲೆ ಬರೆದರು. ಪ್ರಯೋಗ ಮಾಡಿಸಿದವರಿಗೆ ಮುಜುಗರ ಇಲ್ಲದ ಮೇಲೆ ಸುದ್ದಿ ಬರೆಯುವವರಿಗೆ ಯಾಕೆ? ಅನಿವಾರ್ಯ ಆಗಿದ್ದರೆ ಅನಿವಾರ್ಯ ಅಂತ ಬರೆಯಿರಿ. ಆದರೆ ಬರೆಯಿರಿ. ಬರೆದರೆ ಮಾತ್ರ ಲಸಿಕೆಗೆ ಬಳಸಿದ ಕೋತಿಗೂ ಲಿಪ್‌ಸ್ಟಿಕ್‌ಗೆ ಬಳಸಿದ ಮೊಲಕ್ಕೂ ನಡುವಿನ ವ್ಯತ್ಯಾಸ ಜನರಿಗೆ ತಿಳಿಯುತ್ತದೆ.

ಲಿಪ್‌ಸ್ಟಿಕ್ ಅಂದಾಗ ನೆನಪಾಯಿತು. ಶಾಂಪೂ, ಕ್ರೀಮ್‌ಗಳ ವಿಡಿಯೊ ಮಾಡುವವರು ಡಬ್ಬಿ ಮೇಲಿನ ಮೊಲದ ಚಿತ್ರ ತೋರಿಸಿ, "ನೋಡಿ, ಇದನ್ನು ಪ್ರಾಣಿ ಮೇಲೆ ಪ್ರಯೋಗ ಮಾಡಿಲ್ಲ, ಅದಕ್ಕೇ ಸ್ವಲ್ಪ ರೇಟ್ ಜಾಸ್ತಿ" ಅನ್ನುತ್ತೀರಿ. ಭಾರತದಲ್ಲಿ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದು 2014ರಿಂದಲೇ ನಿಷಿದ್ಧ. ಹಾಗೆ ಪರೀಕ್ಷಿಸಿದ್ದನ್ನು ಹೊರಗಿನಿಂದ ತರಿಸುವುದಕ್ಕೂ ಅದೇ ವರ್ಷ ನಿಷೇಧ ಬಂತು. ನಲವತ್ತು ರೂಪಾಯಿ ಕ್ರೀಮಿಗೂ ಅದೇ ಕಾನೂನು, ನಾಲ್ಕು ಸಾವಿರದ್ದಕ್ಕೂ ಅದೇ. ಕಾನೂನು ಪಾಲಿಸಿದ್ದಕ್ಕೆ ಜಾಸ್ತಿ ದುಡ್ಡು ಯಾಕೆ ಕೊಡಬೇಕು ಅಂತ ಕೇಳಬೇಕಾದವರು ನೀವೇ ಅಲ್ವಾ?

ಮನೆ ಬಳಕೆಯ ಗ್ಯಾಜೆಟ್‌ಗಳದ್ದು ಇನ್ನೊಂದು ಕಥೆ. ಇಲಿ, ಸೊಳ್ಳೆ, ನಾಯಿ ಓಡಿಸುತ್ತದೆ ಎಂದು ಅಲ್ಟ್ರಾಸಾನಿಕ್ ಯಂತ್ರ ಮಾರುತ್ತಾರೆ. ಪ್ಲಗ್ ಹಾಕಿ, "ನೋಡಿ, ಸದ್ದೇ ಇಲ್ಲ, ಯಾರಿಗೂ ತೊಂದರೆ ಇಲ್ಲ" ಎಂದು ವಿಡಿಯೊದಲ್ಲಿ ತೋರಿಸುತ್ತೀರಿ. ಸದ್ದಿಲ್ಲದಿರುವುದು ನಮ್ಮ ಕಿವಿಗೆ. ಮನುಷ್ಯರಿಗೆ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ. ನಾಯಿಗೆ ಸುಮಾರು 45,000ದವರೆಗೆ ಕೇಳುತ್ತದೆ, ಬೆಕ್ಕಿಗೆ ಅದಕ್ಕೂ ಮೇಲೆ. ಪಕ್ಕದ ಮನೆಯ ನಾಯಿಗೆ ರಾತ್ರಿಯಿಡೀ ಅದು ಕೇಳುತ್ತಿರಬಹುದು. ಇಷ್ಟಾಗಿ ಇಲಿ ಓಡುತ್ತದಾ ಅಂದರೆ ಅದೂ ಖಾತ್ರಿ ಇಲ್ಲ. ಸಾಕ್ಷ್ಯವಿಲ್ಲದೆ ಹೀಗೆಲ್ಲ ಹೇಳಿಕೊಳ್ಳಬೇಡಿ ಎಂದು ಅಮೆರಿಕದ ವ್ಯಾಪಾರ ಆಯೋಗ 2001ರಲ್ಲೇ ಅರವತ್ತಕ್ಕೂ ಹೆಚ್ಚು ತಯಾರಕರಿಗೆ, ಅಂಗಡಿಗಳಿಗೆ ಎಚ್ಚರಿಕೆ ಪತ್ರ ಕಳಿಸಿತ್ತು. ರಿವ್ಯೂ ಅಂದರೆ ಇದನ್ನೆಲ್ಲ ಹೇಳುವುದು. ಡಬ್ಬಿ ಬಿಚ್ಚಿ ತೋರಿಸುವುದನ್ನು ನಾವೂ ಮಾಡಿಕೊಳ್ಳುತ್ತೇವೆ.

ಕ್ಯಾಮೆರಾ ರಿವ್ಯೂ ಮಾಡುವವರಿಗೂ ಒಂದು ಮಾತಿದೆ. ಜೂಮ್ ಎಷ್ಟು ಚೆನ್ನಾಗಿದೆ ಅಂತ ಚಂದ್ರನ ಫೋಟೊ ತೆಗೆದು ತೋರಿಸುತ್ತೀರಿ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಒಬ್ಬರು ಸೆಲ್ಫಿಗಾಗಿ ಆನೆ ಹತ್ತಿರ ಹೋದರು. ಆನೆ ಅಟ್ಟಿಸಿಕೊಂಡು ಬಂದು ತುಳಿಯಿತು. ಪುಣ್ಯಕ್ಕೆ ಜೀವ ಉಳಿಯಿತು. ಅರಣ್ಯ ಇಲಾಖೆ 25,000 ರೂಪಾಯಿ ದಂಡ ಹಾಕಿತು. ಆ ದೃಶ್ಯಕ್ಕೆ ಢಂಢಂ ಸಂಗೀತ ಹಾಕಿ ಎಷ್ಟು ಚಾನೆಲ್‌ಗಳು ಎಷ್ಟು ಸಲ ಓಡಿಸಿದವೋ ಲೆಕ್ಕವಿಲ್ಲ. ಇಂಥ ಸುದ್ದಿ ಬಂದಾಗಲೆಲ್ಲ ಆನೆಗೆ "ಪುಂಡಾನೆ" ಅನ್ನುವ ಬಿರುದು ಸಿಗುತ್ತದೆ. ತನ್ನ ಪಾಡಿಗೆ ನಿಂತಿದ್ದ ಆನೆಯಲ್ಲಿ ಪುಂಡತನ ಎಲ್ಲಿಂದ ಬಂತು? ಅದೇ ವರ್ಷ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಹುಲಿ ಮೀಸಲು ಪ್ರದೇಶಗಳ ಕೋರ್ ಭಾಗದಲ್ಲಿ ಪ್ರವಾಸಿಗರು ಮೊಬೈಲ್ ಬಳಸುವಂತಿಲ್ಲ ಎಂದಿತು. ಇದು ಫೋನಿನ ಸುದ್ದಿಯೇ. ಆದರೆ ಫೋನಿನ ಚಾನೆಲ್‌ಗಳಲ್ಲಿ ನಾನು ನೋಡಲಿಲ್ಲ. "ಜೂಮ್ ಇರುವುದೇ ಹತ್ತಿರ ಹೋಗದೆ ಇರಲಿಕ್ಕೆ" ಎಂದು ಮುಂದಿನ ರಿವ್ಯೂನಲ್ಲಿ ಒಂದು ಮಾತು ಸೇರಿಸಿ. ಎರಡು ಸೆಕೆಂಡ್ ಸಾಕು.

ಬಂಡೀಪುರದಲ್ಲಿ ದಂಡವಾದರೂ ದೊಡ್ಡದಿತ್ತು. ನಾಯಿ, ದನ, ಕತ್ತೆಗೆ ಹಿಂಸೆ ಕೊಟ್ಟು ವಿಡಿಯೊ ಮಾಡಿದವರಿಗೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತಾ? ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಕಾಯ್ದೆ ಬಂದಾಗ ಎಷ್ಟಿತ್ತೋ ಅಷ್ಟೇ. ಅಂಥ ವಿಡಿಯೊಗೆ ಬರುವ ಲೈಕ್‌ನಿಂದಲೇ ಇದಕ್ಕಿಂತ ಜಾಸ್ತಿ ದುಡಿಯಬಹುದು.

"ಮೇಡಂ, ನಮ್ಮ ಓದುಗರಿಗೆ ಇದೆಲ್ಲ ಬೇಕಿಲ್ಲ" ಎಂದು ನೀವು ಹೇಳಬಹುದು. ಇದನ್ನು ನಾನು ಒಪ್ಪುವುದಿಲ್ಲ. ನನ್ನ ಸಾಕ್ಷಿ ಅರ್ಜುನ.

2023ರ ಡಿಸೆಂಬರ್ 4. ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆಗಳಿಗೆ ರೇಡಿಯೊ ಕಾಲರ್ ಹಾಕುವ ಕಾರ್ಯಾಚರಣೆ. ಎಂಟು ಸಲ ಚಿನ್ನದ ಅಂಬಾರಿ ಹೊತ್ತಿದ್ದ ಅರ್ಜುನ ಅಲ್ಲಿ ಕಾಡಾನೆಯ ಜೊತೆ ಕಾದಾಡಿ ಸತ್ತ. ಆವತ್ತು ರಾತ್ರಿಯಿಂದಲೇ ಕನ್ನಡದ ಜನ ಕೇಳಿದ ಪ್ರಶ್ನೆಗಳನ್ನು ನೆನಪು ಮಾಡಿಕೊಳ್ಳಿ. ಅರವತ್ತು ದಾಟಿದೆ ಎಂದು ಅಂಬಾರಿಯಿಂದ ಬಿಡಿಸಿದ ಆನೆಯನ್ನು ಅದಕ್ಕಿಂತ ಅಪಾಯದ ಕೆಲಸಕ್ಕೆ ಯಾಕೆ ಕಳಿಸಿದಿರಿ? ಅರಿವಳಿಕೆ ಕೊಟ್ಟದ್ದು ಯಾರು, ಯಾವಾಗ? ಜೊತೆಗಿದ್ದ ಆನೆಗಳು ಎಲ್ಲಿ ಹೋದವು? ಸಮಾಧಿ ಎಲ್ಲಿ ಮಾಡುತ್ತೀರಿ? ಕೂಲಿ ಮಾಡುವವರು, ಆಟೊ ಓಡಿಸುವವರು, ಕಾಲೇಜು ಹುಡುಗರು, ಎಲ್ಲರೂ ಕೇಳಿದರು. ಯಾವ ವಿಜ್ಞಾನ ಪತ್ರಕರ್ತರಿಗೂ ಕಡಿಮೆ ಇಲ್ಲದ ಪ್ರಶ್ನೆಗಳು ಅವು. ಕೆಲವು ಪ್ರಶ್ನೆಗಳಿಗೆ ಇಲಾಖೆ ತಡವರಿಸಿಕೊಂಡು ಉತ್ತರ ಕೊಡಬೇಕಾಯಿತು.

ಅರ್ಜುನನಿಗೆ ಹೆಸರಿತ್ತು, ಎಲ್ಲರೂ ಟಿವಿಯಲ್ಲಿ ನೋಡಿದ್ದರು, ಅದಕ್ಕೇ ಅಷ್ಟು ಅತ್ತರು ಅಂತೀರಾ? ಹೌದು, ಇರಬಹುದು. ಹಾಗಿದ್ದರೆ ನಿಮ್ಮ ಕೆಲಸ ಇನ್ನೂ ಸುಲಭ. ಜನರಿಗೆ ಕರುಣೆ ಇದೆ, ಪ್ರಶ್ನೆ ಕೇಳುವ ಬುದ್ಧಿಯೂ ಇದೆ. ಪ್ರಾಣಿಯನ್ನು ಅವರ ಕಣ್ಣಿಗೆ ಕಾಣುವ ಹಾಗೆ ತರುವುದೊಂದೇ ಬಾಕಿ. ನಾಗಪುರದ ಇಪ್ಪತ್ತು ಕೋತಿಗಳು ಕಾಣಲಿಲ್ಲ. ಡಲ್ಲಾಸ್‌ನ ಕಂಪನಿಗೆ ಮರಿ ಹೆತ್ತುಕೊಟ್ಟ ನಾಯಿಗಳು ಕಾಣಲಿಲ್ಲ.

ಬರೀ ಬೇಜಾರಿನ ಸುದ್ದಿ ಬರೆಯಿರಿ ಅಂತಲೂ ನನ್ನ ಮಾತಲ್ಲ. ಈ ವಿಷಯದಲ್ಲಿ ಖುಷಿಯ ಸುದ್ದಿಗಳೂ ಇವೆ, ಅವೂ ನಿಮ್ಮ ಕಣ್ಣು ತಪ್ಪಿಸುತ್ತಿವೆ. ಮೈಸೂರಿನ ಸುತ್ತೂರು ಮಠಕ್ಕೆ ಯಾಂತ್ರಿಕ ಆನೆ ಬಂದಾಗ ಕಿವಿ ಅಲ್ಲಾಡುತ್ತದೆ, ಸೊಂಡಿಲು ಎತ್ತುತ್ತದೆ ಎಂದು ಚೆನ್ನಾಗಿ ತೋರಿಸಿದಿರಿ. ಉತ್ಸವದ ಪಟಾಕಿ, ನೂಕುನುಗ್ಗಲು, ಕಾಲಿನ ಸರಪಳಿ ಜೀವಂತ ಆನೆಗೆ ಏನು ಮಾಡುತ್ತವೆ, ಅದಕ್ಕೇ ಈ ಯಂತ್ರ ಬಂತು ಎನ್ನುವ ಅರ್ಧ ಕಥೆ ಬಿಟ್ಟುಹೋಯಿತು.

ಔಷಧ ಪರೀಕ್ಷೆಯಲ್ಲಿ ಇದಕ್ಕಿಂತ ದೊಡ್ಡ ಬದಲಾವಣೆ ಆಗುತ್ತಿದೆ. 2010ರಲ್ಲಿ ಹಾರ್ವರ್ಡ್‌ನ ವಿಜ್ಞಾನಿಗಳು ಪೆನ್‌ಡ್ರೈವ್ ಗಾತ್ರದ ಪಾರದರ್ಶಕ ಚಿಪ್‌ನಲ್ಲಿ ಮನುಷ್ಯರ ಶ್ವಾಸಕೋಶದ ಕೋಶಗಳನ್ನು ಬೆಳೆಸಿ, ಉಸಿರಾಡುವ ಹಾಗೆ ಹಿಗ್ಗಿಸಿ ಕುಗ್ಗಿಸಿ ತೋರಿಸಿದರು. ಈಗ ಲಿವರ್, ಕಿಡ್ನಿ, ಕರುಳಿಗೂ ಅಂಥ ಚಿಪ್‌ಗಳಿವೆ. ಪ್ರಾಣಿಗಳಲ್ಲಿ ಪಾಸಾಗಿ ಮನುಷ್ಯರ ಪ್ರಯೋಗಕ್ಕೆ ಬರುವ ಔಷಧಗಳಲ್ಲಿ ಹತ್ತರಲ್ಲಿ ಒಂಬತ್ತು ಫೇಲ್ ಆಗುತ್ತವೆ. ಹಾಗಾಗಿ ಇದು ಕರುಣೆಯ ಪ್ರಶ್ನೆ ಮಾತ್ರ ಅಲ್ಲ, ಒಳ್ಳೆಯ ವಿಜ್ಞಾನದ ಪ್ರಶ್ನೆಯೂ ಹೌದು. ಭಾರತ ಸರ್ಕಾರ 2023ರ ಮಾರ್ಚ್‌ನಲ್ಲಿ ಹೊಸ ಔಷಧಗಳ ನಿಯಮ ತಿದ್ದಿ ಇಂಥ ವಿಧಾನಗಳಿಗೂ ಜಾಗ ಕೊಟ್ಟಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಏಪ್ರಿಲ್‌ನಲ್ಲಿ ಕೆಲವು ಬಗೆಯ ಔಷಧಗಳಿಗೆ ಪ್ರಾಣಿ ಪರೀಕ್ಷೆಯನ್ನು ಕ್ರಮೇಣ ಕಡಿಮೆ ಮಾಡುವುದಾಗಿ ಹೇಳಿತು. ಡೈರ್ ವುಲ್ಫ್ ಊಳಿಟ್ಟ ತಿಂಗಳೇ ಅದು. ಯಾವುದು ಮುಖಪುಟಕ್ಕೆ ಬಂತು ಅಂತ ಬೇರೆ ಹೇಳಬೇಕಿಲ್ಲ.

ಇನ್ನೊಂದು ನನಗೆ ಬಹಳ ಇಷ್ಟದ ಸುದ್ದಿ. ನಾವು ತೆಗೆದುಕೊಳ್ಳುವ ಇಂಜೆಕ್ಷನ್, ಲಸಿಕೆಗಳಲ್ಲಿ ಬ್ಯಾಕ್ಟೀರಿಯಾದ ವಿಷ ಸೇರಿದೆಯೇ ಎಂದು ನೋಡಲು ಮೊದಲು ಮೊಲಗಳಿಗೆ ಚುಚ್ಚುತ್ತಿದ್ದರು. ಆಮೇಲೆ ಹಾರ್ಸ್‌ಶೂ ಏಡಿಯ ನೀಲಿ ರಕ್ತದಿಂದ ಪರೀಕ್ಷೆ ಬಂತು. ಮೊಲ ಬಚಾವಾಯಿತು, ಏಡಿ ಸಿಕ್ಕಿಬಿತ್ತು. ಅಮೆರಿಕದ ಕರಾವಳಿಯಲ್ಲಿ ಪ್ರತಿ ವರ್ಷ ಲಕ್ಷಗಟ್ಟಲೆ ಏಡಿ ಹಿಡಿದು ರಕ್ತ ತೆಗೆಯುತ್ತಾರೆ. ಸಿಂಗಪುರದ ಇಬ್ಬರು ವಿಜ್ಞಾನಿಗಳು 1990ರ ದಶಕದಲ್ಲಿ ಏಡಿಯ ರಕ್ತದಲ್ಲಿ ಆ ವಿಷವನ್ನು ಗುರುತಿಸುವ ಪ್ರೋಟೀನ್‌ನ ಜೀನ್ ಹಿಡಿದು, ಅದೇ ಪ್ರೋಟೀನ್ ಅನ್ನು ಪ್ರಯೋಗಾಲಯದಲ್ಲಿ ತಯಾರಿಸುವ ದಾರಿ ಕಂಡುಹಿಡಿದರು. ಅದನ್ನು ಒಪ್ಪಲು ಔಷಧ ಲೋಕ ಹತ್ತಿರ ಹತ್ತಿರ ಮೂವತ್ತು ವರ್ಷ ತೆಗೆದುಕೊಂಡಿತು. ಈಗ ಒಪ್ಪುತ್ತಿದೆ. ನಮ್ಮ ಒಡಿಶಾ ಕರಾವಳಿಯಲ್ಲೂ ಈ ಏಡಿ ಇದೆ. ಇದರಲ್ಲಿ ಜೀನ್ ಇದೆ, ಜಗಳ ಇದೆ, ದುಡ್ಡಿದೆ, ನೀಲಿ ರಕ್ತ ಇದೆ! ಇದಕ್ಕಿಂತ ಒಳ್ಳೆಯ ವಿಡಿಯೊ ವಿಷಯ ಬೇಕಾ?

ಕೊನೆಯದಾಗಿ, ಮುಂದೆ ಬರಲಿರುವ ಒಂದು ಸುದ್ದಿಯ ಬಗ್ಗೆ ಈಗಲೇ ಹೇಳಿಬಿಡುತ್ತೇನೆ. ಅದೇ ಕೊಲೊಸಲ್ ಕಂಪನಿ 2028ರ ಹೊತ್ತಿಗೆ ಮ್ಯಾಮತ್ (ಅಳಿದುಹೋದ, ಮೈತುಂಬ ಕೂದಲಿದ್ದ ಆನೆಯ ನೆಂಟ) ಮರಿ ಹುಟ್ಟಿಸುತ್ತೇವೆ ಎನ್ನುತ್ತಿದೆ. ಡೈರ್ ವುಲ್ಫ್‌ಗೆ ಮಾಡಿದ ಹಾಗೇ, ಇಲ್ಲಿ ತಿದ್ದುವುದು ಏಷ್ಯಾದ ಆನೆಯ ಜೀವಕೋಶವನ್ನು. ಏಕೆಂದರೆ ಬದುಕಿರುವ ಪ್ರಾಣಿಗಳಲ್ಲಿ ಮ್ಯಾಮತ್‌ಗೆ ಅದೇ ಅತಿ ಹತ್ತಿರದ ನೆಂಟ. ಮರಿ ಹೊರಬೇಕಾದ್ದೂ ಆನೆಯೇ. ಅಂದರೆ ನಮ್ಮ ನಾಗರಹೊಳೆ, ಬಂಡೀಪುರದಲ್ಲಿ ಓಡಾಡುವ ಜಾತಿ. 2025ರ ಡಿಎನ್‌ಎ ಗಣತಿ ಪ್ರಕಾರ ದೇಶದಲ್ಲೇ ಹೆಚ್ಚು ಆನೆ ಇರುವುದು ಕರ್ನಾಟಕದಲ್ಲಿ, 6,013. ಮ್ಯಾಮತ್ ಸುದ್ದಿ ನಮಗೆ ದೂರದ್ದಲ್ಲ.

ಆನೆಯ ಗರ್ಭ ಹತ್ತಿರ ಹತ್ತಿರ 22 ತಿಂಗಳು. ಅಳಿವಿನ ಅಂಚಿನಲ್ಲಿರುವ ಒಂದು ಜಾತಿಯ ಹೆಣ್ಣು, ತನ್ನದೇ ಮರಿ ಹೆರಬಹುದಾದ ಎರಡು ವರ್ಷವನ್ನು ಇದಕ್ಕೆ ಕೊಡಬೇಕು. ಹುಟ್ಟಿದ ಮರಿ ಯಾವ ಹಿಂಡಿಗೂ ಸೇರದ್ದು. ಆಫ್ರಿಕಾದ ಆನೆಗಳು ಒಂದನ್ನೊಂದು ಹೆಸರಿನಂಥ ಸದ್ದಿನಿಂದ ಕರೆಯುತ್ತವೆ ಎಂದು 2024ರಲ್ಲಿ ಕೆನ್ಯಾದ ಅಧ್ಯಯನ ಹೇಳಿದಾಗ ನೀವೇ ಎಷ್ಟು ಚೆನ್ನಾಗಿ ಬರೆದಿದ್ದಿರಿ. ಅಷ್ಟು ಸಂಸಾರವಂತ ಪ್ರಾಣಿ ಅದು.

ಹಾಗಾಗಿ ಆ ಸುದ್ದಿ ಬಂದ ದಿನ ನೀವು ಕಂಪನಿಗೆ ಕೇಳಬೇಕಾದ ಪ್ರಶ್ನೆ ಇವು. ಎಷ್ಟು ಆನೆಗಳಲ್ಲಿ ಪ್ರಯತ್ನಿಸಿದಿರಿ? ಎಷ್ಟರಲ್ಲಿ ಗರ್ಭ ನಿಲ್ಲಲಿಲ್ಲ, ಎಷ್ಟರಲ್ಲಿ ಇಳಿದುಹೋಯಿತು? ಹೆರಿಗೆಯಲ್ಲಿ ತಾಯಿಗೆ ಏನಾಯಿತು? ಆ ಆನೆಗಳನ್ನು ಎಲ್ಲಿಂದ ತಂದಿರಿ? ಮರಿ ಯಾರ ಜೊತೆ ಬೆಳೆಯುತ್ತದೆ? ಪ್ರಕಟಣೆಯಲ್ಲಿ ಇದಕ್ಕೆಲ್ಲ ಉತ್ತರ ಇರಲಿಕ್ಕಿಲ್ಲ. ಒಂದು ಇಮೇಲ್ ಹಾಕಿ. ಉತ್ತರ ಬಂದರೆ ಹಾಗೇ ಹಾಕಿ. ಬಾರದಿದ್ದರೆ "ಕೇಳಿದೆವು, ಕಂಪನಿ ಉತ್ತರ ಕೊಟ್ಟಿಲ್ಲ" ಅಂತ ಬರೆಯಿರಿ. ಅದನ್ನು ಕೊನೆಯ ಪ್ಯಾರಾದಲ್ಲಿ ಅಡಗಿಸಬೇಡಿ, ಮೊದಲ ಮೂರು ಸಾಲಿನೊಳಗೇ ಇರಲಿ.

ಇಂತಿ,
ನಿಮ್ಮ ಓದುಗಾರ್ತಿ, ಒಬ್ಬ ಜೀವಶಾಸ್ತ್ರ ಉಪನ್ಯಾಸಕಿ